ಹಿಂದಿನ ಸಾಲಿಗೆ ಕೇಳಿಸುವಷ್ಟು

ತರಬೇತಿ ಕೇಂದ್ರ
ಜನವರಿ 12

ಅಪ್ಪನಿಗೆ,

ನೀವು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಅತ್ತೆ ಚೆನ್ನಾಗಿದ್ದಾರೆಂದು ಗೊತ್ತು, ಏಕೆಂದರೆ ಅವರು ಫೋನ್ ಎತ್ತುತ್ತಾರೆ. ನೀವು ಪಕ್ಕದಲ್ಲೇ ಕೂತು ಕೆಮ್ಮುವುದು ನನಗೆ ಕೇಳಿಸುತ್ತದೆ. ಕೆಮ್ಮಿಗೆ ಏನಂತ ಉತ್ತರ ಕೊಡುವುದು? ಅದಕ್ಕೇ ಬರೆಯುತ್ತಿದ್ದೇನೆ.

ತರಬೇತಿ ಮುಗಿಯಿತು. ಕೊನೆಯ ದಿನದ ಕವಾಯತಿಗೆ ಎಲ್ಲರ ಮನೆಯವರೂ ಬಂದಿದ್ದರು. ನನ್ನ ಪಕ್ಕದ ಹಾಸಿಗೆಯವಳು ಸದಾ ಸಿಳ್ಳೆ ಹಾಕುತ್ತಿರುತ್ತಾಳೆ, ಹಾಗಾಗಿ ನಾವೆಲ್ಲ ಅವಳನ್ನು ಸಿಳ್ಳೆ ಎಂದೇ ಕರೆಯುವುದು. ಅವಳು ತನ್ನ ಅಮ್ಮನನ್ನು ಅರ್ಧ ದಿನ ನನಗೆ ಬಿಟ್ಟುಕೊಟ್ಟಳು. ಆಕೆಗೆ ನಮ್ಮ ಭಾಷೆ ಬರುವುದಿಲ್ಲ, ನನಗೆ ಆಕೆಯದು ಬರುವುದಿಲ್ಲ. ಆಕೆ ನನ್ನ ಟೋಪಿ ನೇರ ಮಾಡಿ, ಕೆನ್ನೆ ತಟ್ಟಿ, ಹೋಗಿ ನೆರಳಿನಲ್ಲಿ ಕೂತರು.

ನಿಮಗೆ ಯಾಕೆ ಸಿಟ್ಟು ಅಂತ ಗೊತ್ತು. ಬಲಗೈ ಹೆಗಲಿನಿಂದ ಮೇಲಕ್ಕೆ ಏಳದ ಅಪ್ಪನನ್ನು ನೋಡಿಕೊಂಡೇ ಬೆಳೆದವಳು ನಾನು. ಮೇಲಿನ ಕಪಾಟಿನಿಂದ ಡಬ್ಬಿ ಬೇಕಾದರೆ ನೀವು ನನ್ನನ್ನು ಕರೆಯುತ್ತಿದ್ದಿರಿ, ಬಾಯಿಬಿಟ್ಟು ಕಾರಣ ಹೇಳುತ್ತಿರಲಿಲ್ಲ. ಆ ಮೂಳೆ ಮುರಿದವರು ತೊಟ್ಟಿದ್ದ ಬಟ್ಟೆಯನ್ನೇ ಈಗ ನಾನು ಇಸ್ತ್ರಿ ಮಾಡಿ ತೊಡುತ್ತೇನೆ. ಸಾಹಿತ್ಯ ಓದಿದವಳಿಗೆ ಬೇರೆ ಕೆಲಸ ಸಿಗಲಿಲ್ಲ, ಇದು ಸಿಕ್ಕಿತು. ಇಷ್ಟೇ ಕಾರಣ ಅಂದರೆ ನೀವು ನಂಬುವುದಿಲ್ಲ, ನಾನೂ ಪೂರ್ತಿ ನಂಬುವುದಿಲ್ಲ. ಜೋರಾಗಿ ಮಾತಾಡಲು ಬಾರದವಳಿಗೆ ಹೇಳಿದಷ್ಟು ಮಾಡಿ ಸುಮ್ಮನಿರುವ ಕೆಲಸ ಹಿಡಿಸಬಹುದು ಅನಿಸಿತೇನೋ.

ನನ್ನನ್ನು ಎಲ್ಲಿ ಹಾಕಿದ್ದಾರೆಂದು ಹೇಳುತ್ತೇನೆ. ಒಂದು ಬೆಟಾಲಿಯನ್, ಅದರೊಳಗೆ ಕಂಪನಿಗಳು, ಕಂಪನಿಯೊಳಗೆ ಪ್ಲಟೂನುಗಳು, ಪ್ಲಟೂನಿನೊಳಗೆ ಸೆಕ್ಷನ್ನುಗಳು, ಒಂದು ಸೆಕ್ಷನ್ನಿನ ತುದಿಯಲ್ಲಿ ನಾನು. ಗಡಿ ಕಾಯುವವರು ಬೇರೆ, ನಾವು ಒಳಗಿನವರು. ಚುನಾವಣೆ, ಗಲಭೆ, ಪ್ರವಾಹ, ಮುಷ್ಕರ, ಎಲ್ಲೆಲ್ಲಿ ಸ್ಥಳೀಯ ಪೊಲೀಸರು ಸಾಲುವುದಿಲ್ಲವೋ ಅಲ್ಲಿಗೆ ನಮ್ಮನ್ನು ಕಳಿಸುತ್ತಾರೆ. ನಮಗೆ ಅಂತ ಒಂದು ಊರಿಲ್ಲ. ವಿಳಾಸದ ಬದಲು ಒಂದು ಸಂಖ್ಯೆ ಇದೆ, ಲಕೋಟೆಯ ಹಿಂದೆ ಬರೆದಿದ್ದೇನೆ. ಅದಕ್ಕೆ ಹಾಕಿದರೆ ಕಂಪನಿ ಎಲ್ಲೇ ಇದ್ದರೂ ಪತ್ರ ಹುಡುಕಿಕೊಂಡು ಬರುತ್ತದಂತೆ.

ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ ಮಗಳು


ಮನೆ
ಫೆಬ್ರವರಿ 27

ಇಲಿಮರೀ,

ನಾನು ನಿನಗೆ ಯಾವಾಗಿನಿಂದ 'ನೀವು' ಆದೆ? ನಿನ್ನ ಪತ್ರವನ್ನು ನಿಮ್ಮತ್ತೆಯಿಂದ ಗಟ್ಟಿಯಾಗಿ ಓದಿಸಿದೆ, ನನ್ನ ಕನ್ನಡಕ ಎಲ್ಲೋ ಇತ್ತು. ಮೊದಲ ಸಾಲು ಓದಿದವಳೇ ನಿಲ್ಲಿಸಿ, "ನೋಡಣ್ಣ, ನೌಕರಿ ಸಿಕ್ಕಿದ್ದೇ ತಡ, ಬಟ್ಟೆ ಜೊತೆಗೆ ಮಾತಿಗೂ ಇಸ್ತ್ರಿ ಹಾಕಿಬಿಟ್ಟಿದಾಳೆ" ಅಂದಳು. ಇನ್ನೊಮ್ಮೆ 'ನೀವು' ಅಂತ ಬರೆದರೆ ಲಕೋಟೆ ಒಡೆಯದೆ ವಾಪಸು ಕಳಿಸುತ್ತೇನೆ.

ಉತ್ತರ ಬರೆಯಲು ತಡವಾಯಿತು. ಶುರು ಮಾಡುವುದು, ಹರಿಯುವುದು, ಇದೇ ಆಯಿತು. ಬೈಯಲು ಕೂತರೆ ನಿನ್ನ ಟೋಪಿ ಸರಿ ಮಾಡಿದ ಯಾರದೋ ಅಮ್ಮ ನೆನಪಾಗುತ್ತಾಳೆ. ನಾನು ಬರಬಹುದಿತ್ತು. ಟಿಕೆಟ್ಟು ಕೂಡ ತೆಗೆದಿದ್ದೆ. ಸ್ಟೇಷನ್ನಿನವರೆಗೆ ಹೋಗಿ, ಅಲ್ಲಿ ಅದೇ ಬಟ್ಟೆಯ ಇಬ್ಬರು ಹುಡುಗರು ಬೆಂಚಿನ ಮೇಲೆ ನಿದ್ದೆ ಹೊಡೆಯುತ್ತಿದ್ದುದನ್ನು ನೋಡಿ, ವಾಪಸು ಬಂದೆ.

ಒಂದು ಪ್ರಶ್ನೆ ಕೇಳುತ್ತೇನೆ, ನೇರವಾಗಿ ಹೇಳು. ಹೊಡೆ ಅಂತ ಹೇಳುವವನು ಯಾರು? ಅವತ್ತು ಮುಷ್ಕರದ ದಿನ ಬಸ್ ವರ್ಕ್‌ಶಾಪಿನ ಗೇಟಿನ ಮುಂದೆ ನಾವೆಲ್ಲ ನಿಂತಿದ್ದೆವು. ಆ ಕಡೆಯಿಂದ ಯಾರೋ ಏನೋ ಕೂಗಿದ, ಯಾವ ಭಾಷೆಯೋ ತಿಳಿಯಲಿಲ್ಲ. ಆಮೇಲೆ ನಾನು ನೆಲದ ಮೇಲಿದ್ದೆ. ಜೊತೆಗೆ ನಿಂತಿದ್ದ ನಿನ್ನ ಸ್ಪ್ಯಾನರ್ ಮಾವ ನನ್ನ ಕಾಲು ಹಿಡಿದು ದರದರ ಎಳೆದುಕೊಂಡು ಹೋಗಿ ಚರಂಡಿಯ ಆಚೆ ಹಾಕಿದ, ಅದಕ್ಕೇ ಇವತ್ತು ಪತ್ರ ಬರೆಯುತ್ತಿದ್ದೇನೆ. ಹೊಡೆದವನ ಮುಖ ಕಾಣಲಿಲ್ಲ, ಹೆಲ್ಮೆಟ್ಟು. ಅವನ ಎಡಗಾಲಿನ ಬೂಟಿನ ಲೇಸು ಬಿಚ್ಚಿತ್ತು. ಈಗಲೂ ಎಲ್ಲಾದರೂ ಬಿಚ್ಚಿದ ಲೇಸು ಕಂಡರೆ, ಕಟ್ಟಿಕೊಳ್ಳಯ್ಯ ಬೀಳ್ತೀಯ, ಅನ್ನಬೇಕು ಅನಿಸುತ್ತದೆ.

ಅವತ್ತಿನಿಂದ ನಾನು ಕಲಿತದ್ದೊಂದೇ. ನಿಂತ ಜನರ ಮೇಲೆ ಕೋಲು ಬೀಸಿದಷ್ಟು ಸುಲಭವಾಗಿ ಕೂತವರ ಮೇಲೆ ಬೀಸಲು ಆಗುವುದಿಲ್ಲ, ಬಗ್ಗಬೇಕಾಗುತ್ತದೆ, ಮುಖ ನೋಡಬೇಕಾಗುತ್ತದೆ. ಆಮೇಲಿನ ಎಲ್ಲ ಮುಷ್ಕರಗಳಲ್ಲೂ ಜನರನ್ನು ಕೂರಿಸುವುದೇ ನನ್ನ ಕೆಲಸ. ಬೇರೆಯವರು ಭಾಷಣ ಮಾಡುತ್ತಾರೆ.

ಅಪ್ಪ


ಮಾರ್ಚ್ 15

ಅಪ್ಪ,

ಲಕೋಟೆ ಒಡೆಯಬಹುದು, ಒಳಗೆ ಎಲ್ಲ ಕಡೆ 'ನೀನು' ಅಂತಲೇ ಇದೆ.

ಎಲ್ಲಿದ್ದೇನೆಂದು ಬರೆಯುವಂತಿಲ್ಲ. ಒಂದು ಗೋದಾಮಿನಲ್ಲಿ ಮಲಗುತ್ತೇವೆ, ಗೋಡೆಗೆಲ್ಲ ಹಿಟ್ಟಿನ ವಾಸನೆ. ನಾಳೆ ಎಲ್ಲಿರುತ್ತೇವೆಂದು ನಮಗೂ ಗೊತ್ತಿಲ್ಲ. ಹೊರಡುವ ಸುದ್ದಿಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಆದರೆ ಎಲ್ಲರಿಗಿಂತ ಮೊದಲು ಅಡುಗೆಯವರು ಹೊರಡಬೇಕು, ಕಂಪನಿ ಇಳಿಯುವ ಹೊತ್ತಿಗೆ ಅಲ್ಲಿ ಒಲೆ ಉರಿಯುತ್ತಿರಬೇಕು. ಹಾಗಾಗಿ ಅವರು ದೊಡ್ಡ ಪಾತ್ರೆಗಳನ್ನು ತೊಳೆದು ಲಾರಿಗೆ ಏರಿಸುವುದು ಕಂಡರೆ ನಾವು ಸುಮ್ಮನೆ ಹಾಸಿಗೆ ಸುತ್ತಿಕೊಳ್ಳುತ್ತೇವೆ. ಲಾರಿಯ ಬಾಗಿಲ ಮೇಲೆ ನಮ್ಮ ಬೆಟಾಲಿಯನ್ನಿನ ಗುರುತು, ಹಳದಿ ಬಣ್ಣದ ಆಮೆ. ಬರೆದವರು ಆಮೆಯನ್ನು ಎಂದೂ ನೋಡಿದಂತಿಲ್ಲ, ಪಾತ್ರೆಯ ಮುಚ್ಚಳಕ್ಕೆ ಕಾಲು ಬಂದ ಹಾಗಿದೆ.

ನಿನ್ನ ಪ್ರಶ್ನೆ. ನಾವಾಗಿ ಎಲ್ಲಿಗೂ ಹೋಗುವಂತಿಲ್ಲ, ಜಿಲ್ಲೆಯ ಆಡಳಿತ ಕರೆಯಬೇಕು. ಅಲ್ಲಿ ಒಬ್ಬ ದಂಡಾಧಿಕಾರಿ ನಿಂತಿರುತ್ತಾರೆ, ಅವರು ಹೇಳದೆ ಕೋಲು ಎತ್ತುವಂತಿಲ್ಲ. ಮುಂದೆ ಗುರಾಣಿಯವರು, ಅವರ ಹಿಂದೆ ಕೋಲಿನವರು, ಅವರ ಹಿಂದೆ ಅಶ್ರುವಾಯುವಿನವರು, ಕೊನೆಯಲ್ಲಿ ಸ್ಟ್ರೆಚರ್. ಇದಕ್ಕೆಲ್ಲ ಮೊದಲು ಜನರಿಗೆ ಮೂರು ಸಲ ಎಚ್ಚರಿಕೆ ಕೊಡಬೇಕು, ಅಲ್ಲಿಯ ಜನರ ಭಾಷೆಯಲ್ಲೇ. ನಿಯಮ ಹಾಗಿದೆ. ನಿನ್ನ ಸಲ ಆ ನಿಯಮ ಎಲ್ಲಿ ಹೋಗಿತ್ತೋ ನನಗೆ ಗೊತ್ತಿಲ್ಲ. ಕೇಳಿದರೆ ಇಲ್ಲಿ ಯಾರೂ ಹೇಳುವುದಿಲ್ಲ.

ನಗಬೇಡ, ಆ ಎಚ್ಚರಿಕೆ ಕೊಡುವವಳನ್ನಾಗಿ ನನ್ನನ್ನು ಮಾಡಿದ್ದಾರೆ. ನಮ್ಮ ಕಂಪನಿ ಕಮಾಂಡರ್ ಒಬ್ಬರು ಮೇಡಂ. ಸಾಲಾಗಿ ನಿಲ್ಲಿಸಿ ಯಾರಿಗೆ ಯಾವ ಭಾಷೆ ಬರುತ್ತದೆಂದು ಕೇಳುತ್ತ ಬಂದರು. ನಮ್ಮ ಕಡೆಯ ಭಾಷೆ ಬರುವವಳು ನಾನೊಬ್ಬಳೇ.

"ಏನು ಓದಿದೀಯ?"

"ಸಾಹಿತ್ಯ, ಮೇಡಂ."

"ಏನು?"

"ಸಾಹಿತ್ಯ."

"ಕೇಳಿಸ್ತಾ ಇಲ್ಲ. ಸರಿ, ಲೌಡ್‌ಸ್ಪೀಕರ್ ನಿಂಗೇ. ಇಲ್ಲಾಂದ್ರೆ ನೀನು ಏನು ಓದಿದೀಯ ಅಂತ ನಂಗೆ ಗೊತ್ತಾಗೋದೇ ಇಲ್ಲ."

ದಿನಾ ಸಂಜೆ ಮೈದಾನದಲ್ಲಿ ಅಭ್ಯಾಸ. ಮೇಡಂ ಆ ತುದಿಯಲ್ಲಿ ನಿಂತು, ಕೇಳಿಸಿದರೆ ಕೈ ಎತ್ತುತ್ತಾರೆ. ಮೊದಲ ವಾರ ಕೈ ಎತ್ತಲೇ ಇಲ್ಲ. "ಗುಂಪಲ್ಲಿ ಹಿಂದಿನ ಸಾಲಿನೋನಿಗೆ ಕೇಳಿಸ್ಲಿಲ್ಲ ಅಂದ್ರೆ ನೀನು ಹೇಳೇ ಇಲ್ಲ ಅಂತ ಅರ್ಥ" ಅನ್ನುತ್ತಾರೆ. ಇನ್ನೊಂದು, ಲೌಡ್‌ಸ್ಪೀಕರ್ ಹಿಡಿದವಳ ಕೈಯಲ್ಲಿ ಗುರಾಣಿ ಇರುವುದಿಲ್ಲ, ಕೋಲೂ ಇರುವುದಿಲ್ಲ.

ಇಲಿಮರಿ


ಏಪ್ರಿಲ್ 20

ಇಲಿಮರೀ,

ಶಾಲೆಯಲ್ಲಿ ಹಾಜರಿ ಕೂಗಿದಾಗ ನೀನು 'ಬಂದಿದೀನಿ' ಅನ್ನುವುದು ಪಕ್ಕದ ಹುಡುಗಿಗೂ ಕೇಳುತ್ತಿರಲಿಲ್ಲ, ಅರ್ಧ ವರ್ಷ ಗೈರುಹಾಜರಿ ಹಾಕಿದ್ದರು. ನಿನ್ನ ಕೈಗೆ ಲೌಡ್‌ಸ್ಪೀಕರ್. ನಿಮ್ಮತ್ತೆ ನಕ್ಕೂ ನಕ್ಕೂ ಸುಸ್ತಾಗಿ, ಆಮೇಲೆ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಂಡಳು.

ಇಲ್ಲಿ ಗಾಳಿ ಸರಿಯಿಲ್ಲ. ವರ್ಕ್‌ಶಾಪನ್ನು ಗುತ್ತಿಗೆಗೆ ಕೊಡುತ್ತಾರಂತೆ. ಹಳಬರನ್ನು ಒಬ್ಬೊಬ್ಬರನ್ನು ಒಂದೊಂದು ದೂರದ ಡಿಪೋಗೆ ಎಸೆಯುತ್ತಾರಂತೆ. ಸ್ಪ್ಯಾನರಿಗೆ ಹೆಂಡತಿಯ ಕಣ್ಣು ಪೂರ್ತಿ ಹೋಗಿದೆ, ಅವಳು ಆ ಮನೆಯೊಳಗೆ ಮಾತ್ರ ಗೋಡೆ ಸವರಿಕೊಂಡು ಓಡಾಡಬಲ್ಲಳು. ಅವನನ್ನು ಬೇರೆ ಊರಿಗೆ ಹಾಕಿದರೆ ಅವಳು ಹೊಸ ಗೋಡೆಗಳನ್ನು ಎಲ್ಲಿಂದ ಕಲಿಯಬೇಕು? ಮೇ ತಿಂಗಳಲ್ಲಿ ಕೆಲಸ ನಿಲ್ಲಿಸುವುದು ಅಂತ ತೀರ್ಮಾನವಾಗಿದೆ. ಹಿಂದಿನ ಗೇಟಿನಿಂದ ಬಸ್ಸುಗಳನ್ನು ಹೊರಗೆ ಬಿಡದಂತೆ ನೋಡಿಕೊಳ್ಳುವುದು ನಮ್ಮ ಪಾಳಿಯ ಪಾಲಿಗೆ ಬಂದಿದೆ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬಸ್ಸಿನ ಕೆಳಗೆ ಮಲಗಿ ಬ್ರೇಕು ಬಿಚ್ಚುತ್ತಿದ್ದೆ, ಯಾವ ನಟ್ಟು ಎಲ್ಲಿಟ್ಟೆ ಅಂತ ಮರೆತೆ. ಸ್ಪ್ಯಾನರ್ ಹೊರಗಿನಿಂದ ಬಗ್ಗಿ, "ಏನಪ್ಪಾ, ಒಳಗೇ ಸಂಸಾರ ಹೂಡಿದೀಯಾ?" ಅಂದ. ಅವನಿಗೆ ಹೇಳಲಿಲ್ಲ, ನಿನ್ನನ್ನು ಕೇಳುತ್ತೇನೆ. ಗಲಾಟೆಯಾಗುತ್ತದೆ ಅಂತ ಇಲ್ಲಿಯವರು ಪಡೆಯನ್ನು ಕರೆಸಿದರೆ, ನಿನ್ನ ಕಂಪನಿಯನ್ನೇ ಕಳಿಸಿದರೆ?

ಕಳಿಸುವುದಿಲ್ಲ ಬಿಡು. ದೇಶ ದೊಡ್ಡದು.

ಅಪ್ಪ


ಮೇ 8

ಅಪ್ಪ,

ಈ ಪತ್ರ ಬೆಟಾಲಿಯನ್ನಿನ ಅಂಚೆಚೀಲ ಸೇರಿ, ಸುತ್ತಿಕೊಂಡು ನಿನ್ನ ಕೈಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ನಾನು ನಮ್ಮೂರಿನಲ್ಲಿದ್ದೇನೆ.

ಕೆರೆಯ ಹತ್ತಿರದ ಶಾಲೆಯಲ್ಲಿ ಇಳಿಸಿದ್ದಾರೆ. ಬೆಂಚುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಕೋಣೆ ಖಾಲಿ ಮಾಡಿಕೊಂಡಿದ್ದೇವೆ. ಬೋರ್ಡಿನ ಮೇಲೆ ಯಾರೋ ಅರ್ಧ ಬಿಡಿಸಿದ ಎಲೆಯ ಚಿತ್ರವಿದೆ, ಅದನ್ನು ಅಳಿಸಲು ಯಾರಿಗೂ ಮನಸ್ಸಾಗಿಲ್ಲ. ಬಂದ ದಿನವೇ ಫೋನುಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ಹೊರಗೆ ಹೋಗುವಂತಿಲ್ಲ. ಸಂಜೆ ವರ್ಕ್‌ಶಾಪಿನ ಸೈರನ್ ಕೇಳಿಸಿತು. ನನಗೆ ಗೊತ್ತಿಲ್ಲದೆಯೇ ಎದ್ದು ನಿಂತಿದ್ದೆ, ನಿನಗೆ ಚಹಾಕ್ಕೆ ನೀರಿಡಲು.

ಮೇಡಂ ಹತ್ತಿರ ಹೋದೆ.

"ಮೇಡಂ, ಇದು ನಮ್ಮೂರು."

"ಗೊತ್ತು. ಅದಕ್ಕೇ ನೀನು ಬೇಕು."

"ಹಿಂದಿನ ಗೇಟಲ್ಲಿ ನಮ್ಮಪ್ಪ ಇರ್ತಾರೆ."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಸ್ವಂತ ಊರಾದ್ರೆ ಕ್ಯಾಂಪ್ ಕಾಯೋಕೆ ಬಿಡಬಹುದು. ಬಿಡಲೇಬೇಕು ಅಂತ ಇಲ್ಲ. ನೀನು ಕೇಳಿದ್ರೆ ಬಿಡ್ತೀನಿ. ಕೇಳ್ತಾ ಇದೀಯಾ?"

"ಹೂಂ."

"ಗಟ್ಟಿಯಾಗಿ ಹೇಳು."

"ಕೇಳ್ತಾ ಇದೀನಿ, ಮೇಡಂ."

ಎಚ್ಚರಿಕೆ ಕೊಡುವ ಕೆಲಸ ಸಿಳ್ಳೆಗೆ ಹೋಯಿತು. ಜೊತೆಗೆ ಇಲ್ಲಿಯ ಪೊಲೀಸರೊಬ್ಬರನ್ನು ಕಳಿಸುತ್ತಾರಂತೆ, ಬೇಕಾದರೆ ಅವರೇ ಹೇಳುತ್ತಾರಂತೆ. ಆದರೂ ಆ ವಾಕ್ಯಗಳನ್ನು ಸಿಳ್ಳೆಗೆ ಬಾಯಿಪಾಠ ಮಾಡಿಸಿದೆ. ಅವಳ ಬಾಯಲ್ಲಿ ಅವು ಬೇರೆಯೇ ಏನೋ ಆಗುತ್ತವೆ. "ಚೆನ್ನಾಗಿ ಬಂತಾ?" ಅಂದಳು. ಬಂತು ಅಂದೆ. ನಾಳೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ನಿನ್ನ ಎದುರಿಗೆ ಈ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಅಷ್ಟು ಮಾತ್ರ ನನ್ನಿಂದ ಆಯಿತು.

ನೀನು ಎಲ್ಲರನ್ನೂ ಕೂರಿಸು.

ಇಲಿಮರಿ


ಮೇ 8

ಇಲಿಮರೀ,

ಈ ಪತ್ರ ನಿನ್ನ ಸಂಖ್ಯೆಗೆ ಹಾಕುತ್ತಿದ್ದೇನೆ. ಎಲ್ಲೆಲ್ಲಿ ತಿರುಗಿ ಬರುತ್ತದೋ. ನೀನಿರುವ ಜಾಗಕ್ಕೆ ನಡೆದೇ ಬಂದು ಕೊಡಬಹುದು, ಆದರೆ ನಿಮ್ಮ ಗೇಟಿನವರು ಬಿಡಬೇಕಲ್ಲ.

ರೈಲ್ವೆ ಗೇಟು ಹಾಕಿತ್ತು, ಸೈಕಲ್ ಹಿಡಿದು ನಿಂತಿದ್ದೆ. ಎದುರಿಗೆ ಲಾರಿಗಳ ಸಾಲು. ಬಾಗಿಲ ಮೇಲೆ ಕಾಲು ಬಂದ ಮುಚ್ಚಳ. ನೀನು ಬರೆದದ್ದು ಸರಿ, ಅದು ಆಮೆ ಅಂತ ಯಾರೂ ಹೇಳಲಾರರು. ರೈಲು ಹೋಗಿ, ಲಾರಿಗಳೆಲ್ಲ ದಾಟಿ ಹೋಗಿ, ಹಿಂದಿನವರು ಬೆಲ್ ಹೊಡೆದು ಬೈಯುವವರೆಗೂ ನಿಂತೇ ಇದ್ದೆ.

ನಾಳೆ ನಾನು ಗೇಟಿಗೆ ಹೋಗುವುದಿಲ್ಲ. ನೀನು ಲೌಡ್‌ಸ್ಪೀಕರ್ ಹಿಡಿದು ನಿಂತಾಗ ಎದುರಿಗೆ ನಾನು ಕಂಡರೆ ನಿನ್ನ ಗಂಟಲು ಕಟ್ಟುತ್ತದೆ. ಮೊದಲೇ ನಿನ್ನದು ಅಂಥ ಗಂಟಲು. ನೀನು ಚೆನ್ನಾಗಿ ಹೇಳಬೇಕು, ನಮ್ಮವರಿಗೆ ತಿಳಿಯಬೇಕು, ಅದೇ ಮುಖ್ಯ. ಸ್ಪ್ಯಾನರಿಗೆ ಜ್ವರ ಅಂತ ಹೇಳಿಬಿಟ್ಟೆ. ಅವನು ಹಣೆ ಮುಟ್ಟಿಯೂ ನೋಡಲಿಲ್ಲ. "ನೀನು ಜ್ವರಕ್ಕೆ ಯಾವತ್ತು ಹೆದರಿದ್ದೆ? ಆಯ್ತು, ಮಲಕ್ಕೋ. ಜನನ್ನ ಕೂರಿಸೋದೇನು ಮಹಾ ವಿದ್ಯೆನಾ, ನಾನು ನೋಡ್ಕೋತೀನಿ" ಅಂತ ಹೇಳಿ ಹೋದ. ಅವನಿಗೆ ಕೂರಿಸಲು ಬರುವುದಿಲ್ಲ. ಅವನು ಮಾತಿಗೆ ನಿಂತರೆ ಜನ ನಗುತ್ತಾರೆ, ಕೂರುವುದಿಲ್ಲ.

ಯಾರಾದರೂ ನೋಡಲು ಬಂದರೆ ಅಂತ ಹೊದ್ದು ಮಲಗಿದ್ದೇನೆ. "ಈ ಸೆಖೇಲಿ ಸುಳ್ಳು ಜ್ವರಕ್ಕೂ ಕಂಬಳಿ ಬೇಕೇನಣ್ಣ?" ಅನ್ನುತ್ತಾಳೆ ನಿಮ್ಮತ್ತೆ.

ಅಪ್ಪ


ಮೇ 10

ಅಪ್ಪ,

ಇದನ್ನು ಶಾಲೆಯ ಕಸ ಗುಡಿಸುವ ಅಜ್ಜಿಯ ಕೈಯಲ್ಲಿ ಕೊಡುತ್ತಿದ್ದೇನೆ. ಮೇಡಂ ಆ ಕಡೆ ತಿರುಗಿ ನಿಂತಿದ್ದಾರೆ. ಇದನ್ನು ನೋಡಿದ ತಕ್ಷಣ ಒಂದೇ ಒಂದು ಸಾಲು ಬರೆದು ಅಜ್ಜಿಯ ಕೈಯಲ್ಲೇ ಕಳಿಸು. ಪೆಟ್ಟು ಬಿದ್ದದ್ದು ನಿನಗಾ?

ನಿನ್ನೆ ಮಧ್ಯಾಹ್ನ ಲಾರಿಗಳು ವಾಪಸು ಬಂದವು. ಸಿಳ್ಳೆಯ ಹುಬ್ಬು ಸೀಳಿತ್ತು, ಯಾರೋ ಬೋಲ್ಟು ಎಸೆದಿದ್ದರು. ಹೊಲಿಗೆ ಹಾಕಿಸಿಕೊಂಡು ಬಂದು ಗೋಡೆಗೆ ಒರಗಿ ಕೂತಳು, ಸಿಳ್ಳೆ ಇಲ್ಲ. "ಅವರು ನಕ್ಕರು" ಅಂದಳು.

ಜೊತೆಗಿದ್ದ ಪೊಲೀಸರನ್ನು ಮುಂದಿನ ಗೇಟಿಗೆ ಕರೆಸಿಕೊಂಡಿದ್ದರಂತೆ. ಇವಳು ಮೊದಲನೇ ಸಲ ಹೇಳಿದಾಗ ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಎರಡನೇ ಸಲಕ್ಕೆ ಚಪ್ಪಾಳೆ ಹೊಡೆದರಂತೆ. ಮೂರನೇ ಸಲ ಒಬ್ಬರು ಅವಳಂತೆಯೇ ಹೇಳಿ ತೋರಿಸಿದರಂತೆ, ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಒಬ್ಬರೂ ಕದಲಲಿಲ್ಲ, ಒಬ್ಬರೂ ಕೂರಲಿಲ್ಲ. ದಂಡಾಧಿಕಾರಿ ಗಡಿಯಾರ ನೋಡಿ ತಲೆ ಆಡಿಸಿದರಂತೆ. ಕೋಲು ಮೊದಲೋ ಬೋಲ್ಟು ಮೊದಲೋ ಅವಳಿಗೆ ನೆನಪಿಲ್ಲ. "ನಾನು ಸರಿಯಾಗಿ ಹೇಳಿದೆ, ನೀನು ಹೇಳಿಕೊಟ್ಟ ಹಾಗೇ ಹೇಳಿದೆ" ಅನ್ನುತ್ತಾಳೆ. ಹತ್ತು ಸಲ ಅಂದಿರಬೇಕು.

ಕೂತವರಿಲ್ಲ ಅಂದಾಗಲೇ ನಾನು ಸ್ಟ್ರೆಚರಿನವನನ್ನು ಹುಡುಕಿಕೊಂಡು ಹೋದೆ. ನೀನಿದ್ದರೆ ಅವರು ಕೂರಬೇಕಿತ್ತಲ್ಲ. ಆಮೇಲೆ ಸ್ಟ್ರೆಚರಿನವನು ಹೇಳಿದ, ವಯಸ್ಸಾದವರೊಬ್ಬರನ್ನು ಎತ್ತಿಕೊಂಡು ಹೋದೆವು, ಮೈಯೆಲ್ಲ ಗ್ರೀಸು, ಹೆಗಲು ಹೋಗಿದೆ. ಯಾವ ಹೆಗಲು ಅಂತ ಕೇಳಿದೆ. ಅವನಿಗೆ ನೆನಪಿಲ್ಲ.

ಅಪ್ಪ, ಒಂದು ಸಾಲು.

ಇಲಿಮರಿ


ಮೇ 10

ಇಲಿಮರೀ,

ನಾನಲ್ಲ. ಮೊದಲು ಇದನ್ನು ಓದಿ, ನೀರು ಕುಡಿದು, ಆಮೇಲೆ ಉಳಿದದ್ದು ಓದು.

ಪೆಟ್ಟು ಬಿದ್ದದ್ದು ನಿನ್ನ ಸ್ಪ್ಯಾನರ್ ಮಾವನಿಗೆ. ಬಲ ಹೆಗಲು. ನನ್ನದೇ ಜಾಗ. ಆ ಹೊತ್ತಿಗೆ ನಾನು ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ, ನೀನು ಗೇಟಿನಲ್ಲಿದ್ದೀಯ ಅಂತ ತಿಳಿದುಕೊಂಡು. ನೀನು ಅಡುಗೆಮನೆ ಕಾಯುತ್ತಿದ್ದೆಯಂತೆ, ನಾನು ಗೇಟಿನಲ್ಲಿದ್ದೇನೆ ಅಂತ ತಿಳಿದುಕೊಂಡು. ಕಸ ಗುಡಿಸುವ ಅಜ್ಜಿ ಎಲ್ಲ ಹೇಳಿದಳು. ನಿಮ್ಮತ್ತೆ ಕೇಳಿ, "ಅಪ್ಪ ಮಗಳು ಇಬ್ಬರೂ ಒಂದೇ ಅಚ್ಚು, ನಾಚ್ಕೊಂಡೇ ಊರು ಹಾಳು ಮಾಡೋರು" ಅಂತ ಹೇಳಿ ಒಳಗೆ ಹೋದಳು. ಈಗಲೂ ಮಾತಾಡಿಸುತ್ತಿಲ್ಲ.

ಆಸ್ಪತ್ರೆಗೆ ಹೋಗಿದ್ದೆ. ಎದೆಗೆ ಸೇರಿಸಿ ಕೈ ಕಟ್ಟಿದ್ದಾರೆ. ಅವನ ಹೆಂಡತಿ ಮಂಚದ ಕಂಬಿ ಹಿಡಿದುಕೊಂಡು ನಿಂತಿದ್ದಳು, ಬಿಟ್ಟರೆ ದಾರಿ ತಪ್ಪುತ್ತದೆ ಅನ್ನುವಂತೆ. ನನ್ನನ್ನು ನೋಡಿ ಅವನು, "ಜ್ವರ ಬಿಡ್ತಾ?" ಅಂದ.

"ಆ ಹುಡುಗಿ ಏನೋ ಅಂದ್ಳು ಮಾರಾಯ. ಹಾಡು ಹೇಳ್ತಿದಾಳೇನೋ ಅನ್ಕೊಂಡ್ವಿ. ಅಣಕಿಸಿದ್ದು ನಾನೇ. ಎಲ್ರೂ ನಕ್ರು, ನಂಗೂ ಖುಷಿ ಆಯ್ತು. ಹೊಡೀತಾರೆ ಅಂತ ಹೇಳ್ತಿದಾಳೆ ಅಂತ ಗೊತ್ತಿದ್ರೆ ನಗ್ತಿದ್ವಾ?"

ಎದ್ದು ಬರುವಾಗ ಎಡಗೈಯಿಂದ ನನ್ನ ಅಂಗಿ ಹಿಡಿದುಕೊಂಡ. "ನಿನ್ನ ಮಗಳು ಆ ಪಡೇಲೇ ಇರೋದಲ್ವಾ? ಅವ್ಳನ್ನ ಕಳ್ಸಿದ್ರೆ ಆಗ್ತಿತ್ತು" ಅಂದ. ಅವನಿಗೆ ಏನೂ ಗೊತ್ತಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಅಂದ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ನಿನ್ನ ಮೇಲೆ ಸಿಟ್ಟಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ಆ ಕೆಲಸ ಬಿಟ್ಟು ಬಾ ಅಂತ ಬರೆಯಬೇಕೆಂದು ಕೂತೆ. ನೀನು ಬಿಟ್ಟು ಬಂದರೆ ಆ ಲೌಡ್‌ಸ್ಪೀಕರ್ ಯಾರ ಕೈಗೆ ಹೋಗುತ್ತದೆ? ಅದನ್ನು ಯೋಚಿಸಿ ಹಾಳೆ ಹರಿದೆ.

ಹದಿನಾಲ್ಕಕ್ಕೆ ಮತ್ತೆ ಹಿಂದಿನ ಗೇಟಿನಲ್ಲಿ ಸೇರುತ್ತೇವೆ. ಈ ಸಲ ನಾನು ಹೋಗುತ್ತೇನೆ. ನೀನು ಏನು ಮಾಡುತ್ತೀಯೋ ನೀನೇ ನೋಡು.

ಅಪ್ಪ


ಮೇ 13

ಅಪ್ಪ,

ಇದು ಅಜ್ಜಿಯ ಕೈಯಲ್ಲಿ ಬರುವ ಕೊನೆಯ ಪತ್ರ, ಅವಳಿಗೂ ಭಯ ಶುರುವಾಗಿದೆ.

ಮೇಡಂ ಹತ್ತಿರ ಮತ್ತೆ ಹೋದೆ. ನಾಳೆ ನಾನೇ ಹೇಳುತ್ತೇನೆ ಅಂದೆ. "ನಿಮ್ಮಪ್ಪ ಬರೋದಿಲ್ವಾ?" ಅಂದರು. ಬರುತ್ತಾರೆ ಅಂದೆ. "ಆವತ್ತು ನಾನು ನಿನ್ನ ಬಿಡಬಾರದಿತ್ತು. ನೀನು ಕೇಳಿದ್ದು ತಪ್ಪಲ್ಲ, ನಾನು ಬಿಟ್ಟಿದ್ದು ತಪ್ಪು" ಅಂದರು. ಇದನ್ನು ಅವರು ಬರಹದಲ್ಲಿ ಎಲ್ಲೂ ಹೇಳುವುದಿಲ್ಲ, ಹೇಳಲು ಯಾರೂ ಬಿಡುವುದೂ ಇಲ್ಲ.

ಅಚ್ಚು ಮಾಡಿದ ವಾಕ್ಯಗಳನ್ನು ಓದಲೇಬೇಕು. 'ಈ ಜನಸಂದಣಿಯನ್ನು ಕಾನೂನುಬಾಹಿರವೆಂದು ಘೋಷಿಸಲಾಗಿದೆ' ಅಂತ ಶುರುವಾಗುತ್ತದೆ. ನಮ್ಮ ಬೀದಿಯಲ್ಲಿ ಹೀಗೆ ಯಾರು ಮಾತಾಡುತ್ತಾರೆ? ಮೇಡಂ ಅಂದರು, "ಅದನ್ನ ಓದು. ಓದಿದ್ಮೇಲೆ ನಿಮ್ಮನೇಲಿ ಹೇಗೆ ಹೇಳ್ತೀಯೋ ಹಾಗೆ ಹೇಳು. ದಂಡಾಧಿಕಾರಿಗೆ ನಿಮ್ಮ ಭಾಷೆ ಬರುತ್ತೆ, ಕೇಳ್ತಾರೆ, ನಾನು ಉತ್ತರ ಕೊಡ್ಕೋತೀನಿ."

ಹಾಗಾಗಿ ನನ್ನ ಮಾತಿನಲ್ಲಿ ಹೇಳುತ್ತೇನೆ. ನೀನು ನನ್ನನ್ನು ನೋಡಬೇಡ. ಬೋರ್ಡು ನೋಡು, ಬಸ್ಸು ನೋಡು. ನಾನು ಹೆಲ್ಮೆಟ್ಟಿನೊಳಗೆ ಇದ್ದರೂ ನಿನಗೆ ಗೊತ್ತಾಗುತ್ತದೆ, ಮುಂದಿನ ಸಾಲಿನಲ್ಲಿ ಗುರಾಣಿ ಇಲ್ಲದವಳು ಒಬ್ಬಳೇ.

ಬೂಟಿನ ಲೇಸು ಎರಡೆರಡು ಗಂಟು ಹಾಕಿದ್ದೇನೆ.

ಸಿಳ್ಳೆ ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರುತ್ತಿದ್ದಾಳೆ. ಅವಳಿಗೆ ನಿನ್ನ ಕಥೆ ಪೂರ್ತಿ ಹೇಳಿದೆ. ಕೊನೆಗೆ ಕೇಳಿದಳು, "ಅವತ್ತು ಅಣಕಿಸಿದವರ ಹೆಗಲು ಹೇಗಿದೆ?"

ಇಲಿಮರಿ


ಮೇ 15

ಇಲಿಮರೀ,

ಇದನ್ನು ಮತ್ತೆ ನಿನ್ನ ಸಂಖ್ಯೆಗೇ ಹಾಕುತ್ತಿದ್ದೇನೆ. ನಿನಗೆ ಏನಾದರೂ ಕೊಡಬೇಕು ಅಂತ ನಿಮ್ಮತ್ತೆ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಶಾಲೆಯ ಹತ್ತಿರ ಹೋಗಿದ್ದಳು. ವಾಪಸು ಬಂದು, "ದೊಡ್ಡ ಪಾತ್ರೆ ತೊಳೆದು ಲಾರಿಗೆ ಏರಿಸ್ತಾ ಇದ್ರು ಅಣ್ಣ" ಅಂದಳು. ನನಗೆ ತಿಳಿಯಿತು.

ನೋಡಬೇಡ ಅಂತ ನೀನು ಅಂದಿದ್ದೆ. ನೋಡಿದೆ. ಬಸ್ಸನ್ನು ಮೂವತ್ತು ವರ್ಷ ನೋಡಿದ್ದೇನೆ.

ಅಚ್ಚಿನ ಮಾತು ನೀನು ಓದುವಾಗ ಯಾರೂ ಕದಲಲಿಲ್ಲ. ಆಮೇಲೆ ನೀನು, "ಕೇಳ್ರಪ್ಪಾ, ನಾನು ಇದೇ ಊರಿನೋಳು. ಇನ್ನೆರಡು ಸಲ ಹೇಳ್ತೀನಿ, ಆಮೇಲೆ ಕೋಲು ಬೀಸ್ತಾರೆ. ಹೋಗೋರು ಹೋಗಿ. ಹೋಗದೇ ಇರೋರು ಕೂತ್ಕೊಳ್ಳಿ" ಅಂದೆ. ಗುಂಪಿನ ಸದ್ದು ನಿಂತುಹೋಯಿತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಹಿಂದಿನಿಂದ ಒಬ್ಬೊಬ್ಬರೇ ಕೂರತೊಡಗಿದರು. ಕೆಲವರು ಹೋದರು. ಅವರನ್ನು ನಾನು ಬೈಯಲಿಲ್ಲ. ನಿಮ್ಮ ದಂಡಾಧಿಕಾರಿ ನಿಮ್ಮ ಮೇಡಂ ಕಡೆ ತಿರುಗಿ ಏನೋ ಅಂದ, ಆಯಮ್ಮ ಕೇಳಿಸದವರ ಹಾಗೆ ನಿಂತಿದ್ದಳು. ಅದಕ್ಕೆ ಅವಳೇನು ಬೆಲೆ ಕೊಡಬೇಕೋ.

ಮೂರನೇ ಸಲ ಆದ ಮೇಲೆ ಕೋಲು ಬೀಸಲಿಲ್ಲ, ಕೂತವರನ್ನು ಎತ್ತಿ ಬಸ್ಸಿಗೆ ಹಾಕತೊಡಗಿದರು. ನನ್ನನ್ನು ಎತ್ತಲು ಇಬ್ಬರು ಹುಡುಗರು ಬಂದರು. ಒಬ್ಬ ಬಲಗೈಗೆ ಕೈ ಹಾಕಿದ. ಆಗ ನೀನು ಲೌಡ್‌ಸ್ಪೀಕರಿನಲ್ಲೇ ಏನೋ ಕೂಗಿದೆ, ನಿಮ್ಮ ಪಡೆಯ ಭಾಷೆಯಲ್ಲಿ. ಅವನು ತಟ್ಟನೆ ಕೈ ಬಿಟ್ಟು ನನ್ನ ಸೊಂಟ ಹಿಡಿದ. ಏನು ಕೂಗಿದೆ ಅಂತ ನಾನು ಯಾರನ್ನೂ ಕೇಳಬೇಕಾಗಲಿಲ್ಲ.

ನಮ್ಮನ್ನು ಠಾಣೆಗೆ ತುಂಬಿಕೊಂಡು ಹೋದದ್ದು ನಮ್ಮದೇ ಬಸ್ಸು, ಅದರ ಬ್ರೇಕು ಹಾಕಿದವನು ನಾನೇ. ತಿರುವಿನಲ್ಲಿ ಚೆನ್ನಾಗಿ ಹಿಡಿಯಿತು. ಸಂಜೆ ಬಿಟ್ಟರು. ವರ್ಕ್‌ಶಾಪಿನ ವಿಷಯ ಇನ್ನೂ ತೂಗುತ್ತಿದೆ, ಗುತ್ತಿಗೆ ನಿಂತಿಲ್ಲ. ಸ್ಪ್ಯಾನರಿಗೆ ಕೈ ಮೇಲೆ ಏಳುವುದಿಲ್ಲ ಅಂತ ಡಾಕ್ಟರು ಹೇಳಿದರು. ಅಂಗಿ ಹೇಗೆ ಹಾಕಿಕೊಳ್ಳಬೇಕೆಂದು ಇವತ್ತು ಹೇಳಿಕೊಟ್ಟು ಬಂದೆ, ಬಲತೋಳು ಮೊದಲು. ಅವನಿಗೆ ನಿಜ ಹೇಳಿಬಿಟ್ಟೆ, ಜ್ವರದ್ದೂ, ನಿನ್ನದೂ. ಗೋಡೆ ಕಡೆ ತಿರುಗಿಕೊಂಡ. ನಾಳೆ ಮತ್ತೆ ಹೋಗುತ್ತೇನೆ.

ಒಂದು ಮಾತು ಹೇಳಲೇಬೇಕು. ಎರಡು ಸಲ ಚೆನ್ನಾಗಿ ಹೇಳಿದೆ, ಹಿಂದಿನ ಸಾಲಿಗೂ ಕೇಳಿಸಿತು, ನಾನು ಬೇಕೆಂದೇ ಅಲ್ಲಿ ಹೋಗಿ ಕೂತಿದ್ದೆ. ಮೂರನೇ ಸಲಕ್ಕೆ ನಿನ್ನ ದನಿ ಒಡೆಯಿತು. ನಾನು ನಿನ್ನ ಕಣ್ಣಿಗೆ ಬಿದ್ದೆ ಅಂತ ಕಾಣುತ್ತದೆ. ಹಾಗಾಗಬಾರದು. ಈಗ ನೀನು ಹೋಗುತ್ತಿರುವ ಊರಿನಲ್ಲಿ ನಾನಿರುವುದಿಲ್ಲ, ಬೇರೆ ಯಾರದೋ ಅಪ್ಪ ಇರುತ್ತಾನೆ. ಅಲ್ಲಿಯ ಭಾಷೆ ನಿನಗೆ ಬರುವುದಿಲ್ಲ. ಲಾರಿಯಿಂದ ಇಳಿದ ತಕ್ಷಣ, ನೀರು ಕೊಡುವವರನ್ನೋ ಕಸ ಗುಡಿಸುವವರನ್ನೋ ಹಿಡಿದು, 'ಕೂತ್ಕೊಳ್ಳಿ' ಅನ್ನುವುದಕ್ಕೆ ಅಲ್ಲಿ ಏನನ್ನುತ್ತಾರೆ ಅಂತ ಕೇಳಿ ಕಲಿತುಕೋ. ಸಿಳ್ಳೆಗೂ ಕಲಿಸು.

ಕಲಿತ ಮೇಲೆ ನನಗೂ ಬರೆದು ಕಳಿಸು.

ಅಪ್ಪ